ಬೆಳೆಯುವ ಕೋಳಿಯ ಆಹಾರ: ಜವನಗೊಂಡನಹಳ್ಳಿ ಸೀಮೆಯಲ್ಲಿ

ಮೊಟ್ಟೆಯೊಡೆದು ಬಂದ ಮರಿ ತಾನೇ ಮೊಟ್ಟೆಯಿಡುವವರೆಗೆ, ಇಲ್ಲವೆ ಮಾಂಸಕ್ಕೆ ಹೋಗುವವರೆಗೆ ಒಂದೇ ಬಗೆಯ ಆಹಾರ ತಿಂದು ಬೆಳೆಯುವುದಿಲ್ಲ. ವಾರ ಕಳೆದಂತೆ ಅದರ ಮೂಳೆ, ಗರಿ, ಮಾಂಸಖಂಡ, ಅಂಡಾಶಯಗಳ ಬೇಡಿಕೆ ಬದಲಾಗುತ್ತದೆ. ಸಾಕಣೆಯ ಖರ್ಚಿನಲ್ಲಿ ಮೂರನೆಯ ಎರಡು ಪಾಲು ಆಹಾರಕ್ಕೇ ಹೋಗುವುದರಿಂದ, ಯಾವ ವಯಸ್ಸಿಗೆ ಯಾವ ಆಹಾರ ಎಂಬ ನಿರ್ಧಾರವೇ ಲಾಭ ನಷ್ಟಗಳನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಅಂಗಡಿಯಲ್ಲಿ ಸಿಗುವ ಚೀಲಗಳ ಮೇಲೆ ಸ್ಟಾರ್ಟರ್, ಗ್ರೋವರ್, ಲೇಯರ್, ಫಿನಿಷರ್ ಎಂದು ಬರೆದಿರುತ್ತದೆ. ಇವು ವ್ಯಾಪಾರದ ಹೆಸರುಗಳಾಗಿ ಕಂಡರೂ ಒಂದೊಂದರ ಹಿಂದೆಯೂ ಹಕ್ಕಿಯ ದೇಹದ ಒಂದೊಂದು ಲೆಕ್ಕವಿದೆ.

ಜವನಗೊಂಡನಹಳ್ಳಿ ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಹೋಬಳಿ ಕೇಂದ್ರ, ಆಡುಮಾತಿನಲ್ಲಿ ಜೆ.ಜಿ. ಹಳ್ಳಿ. ಶಿರಾದಿಂದ ಹಿರಿಯೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಈ ಊರನ್ನು ಹಾದುಹೋಗುತ್ತದೆ. ಸುವರ್ಣಮುಖಿ ಹೊಳೆಗೆ ಕಟ್ಟಿದ ಗಾಯತ್ರಿ ಜಲಾಶಯ ಇದೇ ಹೋಬಳಿಯಲ್ಲಿದೆ. ರಾಜ್ಯದ ಹತ್ತು ಕೃಷಿ ಹವಾಮಾನ ವಲಯಗಳ ಪೈಕಿ ಮಧ್ಯ ಒಣವಲಯಕ್ಕೆ ಸೇರಿದ ಈ ಬಯಲುಸೀಮೆಯಲ್ಲಿ ಮಳೆ ಕಡಿಮೆ, ನಂಬಿಕೆಗೂ ಅರ್ಹವಲ್ಲ. 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ ಎಂಬುದೇ ಇಲ್ಲಿನ ಮಳೆಯ ಸ್ವಭಾವವನ್ನು ಹೇಳುತ್ತದೆ. ಇಂಥ ನೆಲದಲ್ಲಿ ಕುರಿ ಮತ್ತು ಕೋಳಿ ರೈತನ ಕೈಕಾಸು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ತಾಲ್ಲೂಕುಗಳೂ ನೆರೆಯ ಚಳ್ಳಕೆರೆಯೂ ಸೇರಿದ ಸೀಮೆಯಲ್ಲಿ ಮೆಕ್ಕೆಜೋಳ, ರಾಗಿ, ಸಜ್ಜೆ, ಸಾಮೆ, ನವಣೆ, ಶೇಂಗಾ, ಸೂರ್ಯಕಾಂತಿ ಬೆಳೆಯುತ್ತವೆ. ಕೋಳಿ ಆಹಾರಕ್ಕೆ ಬೇಕಾದದ್ದರಲ್ಲಿ ಬಹುಪಾಲು ಇಲ್ಲೇ ಹುಟ್ಟುತ್ತದೆ ಎಂದರೂ ನಡೆದೀತು. ಕೋಳಿಗೆ ಕೊಡಬಾರದ ಕೆಲವು ವಸ್ತುಗಳೂ ಇಲ್ಲಿನ ಎಣ್ಣೆ ಗಾಣಗಳಿಂದಲೇ ಬರುತ್ತವೆ. ಅದನ್ನು ಮುಂದೆ ನೋಡಬಹುದು.

ವಯಸ್ಸು ಮತ್ತು ಉದ್ದೇಶ

ಭಾರತೀಯ ಮಾನಕ ಬ್ಯೂರೊ ಕೋಳಿ ಆಹಾರಕ್ಕೆ ಐಎಸ್ 1374 ಎಂಬ ಮಾನದಂಡ ಇಟ್ಟಿದೆ. ಅದರ 2007ರ ಆವೃತ್ತಿಯ ಪ್ರಕಾರ ಮೊಟ್ಟೆಕೋಳಿಯ ಮರಿಗೆ ಮೊದಲ ಎಂಟು ವಾರ ಶೇಕಡ 20ರಷ್ಟು ಕಚ್ಚಾ ಪ್ರೋಟೀನು, ಕಿಲೋಗೆ 2800 ಕಿಲೋಕ್ಯಾಲೊರಿ ಶಕ್ತಿಯುಳ್ಳ ಆಹಾರ ಬೇಕು. ಒಂಬತ್ತನೆಯ ವಾರದಿಂದ ಇಪ್ಪತ್ತರವರೆಗೆ, ಅಂದರೆ ಗ್ರೋವರ್ ಹಂತದಲ್ಲಿ, ಪ್ರೋಟೀನು 16ಕ್ಕೂ ಶಕ್ತಿ 2500ಕ್ಕೂ ಇಳಿಯುತ್ತವೆ. ಮೊಟ್ಟೆ ಶುರುವಾದ ಮೇಲೆ ಪ್ರೋಟೀನು ಮತ್ತೆ 18ಕ್ಕೆ ಏರುತ್ತದೆ, ಸುಣ್ಣದಂಶ ಒಮ್ಮೆಗೇ ಶೇಕಡ 1ರಿಂದ 3ಕ್ಕೆ ಜಿಗಿಯುತ್ತದೆ. ಬ್ರಾಯ್ಲರ್ ಕೋಳಿಯ ಲೆಕ್ಕವೇ ಬೇರೆ. ಮೊದಲ ವಾರದ ಪ್ರೀಸ್ಟಾರ್ಟರ್‌ಗೆ ಪ್ರೋಟೀನು 23, ಶಕ್ತಿ 3000. ಮೂರು ವಾರದವರೆಗಿನ ಸ್ಟಾರ್ಟರ್‌ಗೆ 22 ಮತ್ತು 3100. ಆಮೇಲಿನ ಫಿನಿಷರ್‌ಗೆ 20 ಮತ್ತು 3200. ಒಂದು ಕಡೆ ಪ್ರೋಟೀನು ಇಳಿಯುತ್ತ ಶಕ್ತಿ ಏರುತ್ತದೆ, ಇನ್ನೊಂದು ಕಡೆ ಎರಡೂ ಇಳಿಯುತ್ತವೆ. ಬ್ರಾಯ್ಲರ್ 35ರಿಂದ 40 ದಿನದಲ್ಲಿ ಎರಡು ಕಿಲೋ ತೂಗಿ ಮಾರುಕಟ್ಟೆಗೆ ಹೊರಡಬೇಕು. ಮೊಟ್ಟೆಕೋಳಿಗೆ ಅಂಥ ಅವಸರವಿಲ್ಲ, ಇರಲೂ ಬಾರದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಗ್ರೋವರ್ ಹಂತದ ಹಕ್ಕಿ ರೈತನಿಗೆ ಏನನ್ನೂ ಕೊಡುವುದಿಲ್ಲ. ಮೊಟ್ಟೆಯಿಲ್ಲ, ಮಾರುವ ತೂಕವಿಲ್ಲ. ಹಾಗಾಗಿ ಕೈಬಿಗಿ ಹಿಡಿಯುವುದು ಇಲ್ಲೇ. ಕೆಲವರು ನುಚ್ಚು ತೌಡಿನಲ್ಲಿ ದಿನ ತಳ್ಳುತ್ತಾರೆ, ಇನ್ನು ಕೆಲವರು ಬೇಗ ಮೊಟ್ಟೆ ಬರಲೆಂದು ಲೇಯರ್ ಆಹಾರವನ್ನೇ ಹಾಕುತ್ತಾರೆ. ಎರಡರ ಫಲವೂ ತಕ್ಷಣ ಕಾಣುವುದಿಲ್ಲ. ಹೊಟ್ಟೆಗಿಲ್ಲದೆ ಬೆಳೆದ ಹೇಂಟೆ ತಡವಾಗಿ ಮೊಟ್ಟೆಗೆ ಬಂದು ಚಿಕ್ಕ ಮೊಟ್ಟೆ ಇಡುತ್ತದೆ, ಬಹುಬೇಗ ಬಸವಳಿಯುತ್ತದೆ. ಕೊಬ್ಬು ತುಂಬಿಕೊಂಡು ಬೆಳೆದದ್ದಕ್ಕೆ ಮೊಟ್ಟೆ ಸಿಕ್ಕಿಕೊಳ್ಳುವುದು, ಗುದ ಹೊರಬರುವುದು ಹೆಚ್ಚು. ಬಿಳಿ ಲೆಗ್‌ಹಾರ್ನ್ ಮೂಲದ ತಳಿಗಳು 18 ವಾರಕ್ಕೆ ಸುಮಾರು 1.2 ಕಿಲೋ ಬರಬೇಕು. ವಾರಕ್ಕೊಮ್ಮೆ ಒಂದಿಷ್ಟು ಹಕ್ಕಿಗಳನ್ನು ಹಿಡಿದು ತಕ್ಕಡಿಗೆ ಹಾಕುವುದೇ ಆಹಾರ ಸರಿಯಿದೆಯೋ ಇಲ್ಲವೋ ಎಂಬುದರ ಅಗ್ಗದ, ನಂಬಬಹುದಾದ ಪರೀಕ್ಷೆ. ಸರಾಸರಿ ತೂಕ ಸರಿಯಾಗಿದ್ದು ಹಕ್ಕಿಹಕ್ಕಿಗೆ ಅಂತರ ಹೆಚ್ಚಿದ್ದರೆ ತಪ್ಪು ಆಹಾರದ್ದಲ್ಲ, ತಿನ್ನುವ ಜಾಗ ಸಾಲದೆ ಬಡಕಲು ಹಕ್ಕಿಗಳು ಹಿಂದೆ ಬಿದ್ದಿವೆ ಎಂದರ್ಥ.

ಸುಣ್ಣದ ಲೆಕ್ಕ

ಲೇಯರ್ ಆಹಾರವನ್ನು ಬೆಳೆಯುವ ಹಕ್ಕಿಗೆ ಏಕೆ ಹಾಕಬಾರದು ಎಂಬುದಕ್ಕೆ ಸಣ್ಣ ಗುಣಾಕಾರ ಸಾಕು. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಎರಡು ಗ್ರಾಂಗೂ ತುಸು ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ದಿನಕ್ಕೆ 110 ಗ್ರಾಂ ತಿನ್ನುವ ಮೊಟ್ಟೆಕೋಳಿಗೆ ಶೇಕಡ 3.5ರ ಆಹಾರದಿಂದ 3.85 ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ, ಅದರಲ್ಲಿ ಸುಮಾರು ಅರ್ಧ ಮೈಗೆ ಹತ್ತಿ ಚಿಪ್ಪಾಗಿ ಹೊರಬೀಳುತ್ತದೆ. ದಿನಕ್ಕೆ 70 ಗ್ರಾಂ ತಿನ್ನುವ ಹನ್ನೆರಡು ವಾರದ ಹೇಂಟೆಗೆ ಬೇಕಾದ್ದು 0.7 ಗ್ರಾಂ ಮಾತ್ರ. ಅದೇ ಲೇಯರ್ ಆಹಾರ ಕೊಟ್ಟರೆ ಒಳಗೆ ಹೋಗುವುದು 2.45 ಗ್ರಾಂ. ಚಿಪ್ಪಿನ ದಾರಿ ಇನ್ನೂ ತೆರೆದಿಲ್ಲವಾದ್ದರಿಂದ ಹೆಚ್ಚುವರಿ ಸುಣ್ಣವನ್ನು ಹೊರಹಾಕುವ ಕೆಲಸ ಮೂತ್ರಪಿಂಡದ ಮೇಲೆ ಬೀಳುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಮೂತ್ರಪಿಂಡ ಸವೆದು, ಯೂರಿಕ್ ಆಮ್ಲದ ಬಿಳಿ ಪುಡಿ ಹೃದಯ ಮತ್ತು ಯಕೃತ್ತಿನ ಮೇಲೆ ಹರಡಿಕೊಳ್ಳುತ್ತದೆ. ಇದೇ ಗೌಟ್. ಸತ್ತ ಹಕ್ಕಿಯನ್ನು ಕೊಯ್ದಾಗ ಒಳಾಂಗಗಳಿಗೆ ಸುಣ್ಣ ಬಳಿದಂತೆ ಕಾಣುವುದು ಇದರಿಂದಲೇ. ಎಷ್ಟೋ ಸಲ ಹಕ್ಕಿ ಸಾಯುವುದು ಮೊಟ್ಟೆಯಿಡಲು ತೊಡಗಿದ ಮೇಲೆ. ಆಗ ಹಳೆಯ ಆಹಾರವನ್ನು ಯಾರೂ ಅನುಮಾನಿಸುವುದಿಲ್ಲ.

ಒಂದೇ ಅಂಗಳದಲ್ಲಿ ಮೊಟ್ಟೆಯಿಡುವ ಕೋಳಿ, ಬೆಳೆಯುವ ಹೇಂಟೆ, ಹುಂಜ ಒಟ್ಟಿಗೆ ಓಡಾಡುವ ಮನೆಗಳಲ್ಲಿ ಮೂರು ಬಗೆಯ ಚೀಲ ಇಡುವುದು ಆಗದ ಮಾತು. ಅಲ್ಲಿ ಎಲ್ಲಕ್ಕೂ ಗ್ರೋವರ್ ಆಹಾರ ಹಾಕಿ, ಕಪ್ಪೆಚಿಪ್ಪಿನ ಚೂರು ಅಥವಾ ಸುಣ್ಣಕಲ್ಲಿನ ನುಚ್ಚನ್ನು ಬೇರೆ ತಟ್ಟೆಯಲ್ಲಿ ಇಟ್ಟರೆ ಸಾಕು. ಮೊಟ್ಟೆಯಿಡುವ ಕೋಳಿ ತನಗೆ ಬೇಕಾದಷ್ಟನ್ನು ಹುಡುಕಿ ತಿನ್ನುತ್ತದೆ, ಉಳಿದವು ಅಷ್ಟಾಗಿ ಮೂಸುವುದಿಲ್ಲ. ಬರೇ ಲೇಯರ್ ಹಕ್ಕಿಗಳನ್ನೇ ಸಾಕುವವರು ಮೊದಲ ಮೊಟ್ಟೆಗೆ ಸುಮಾರು ಎರಡು ವಾರ ಮುಂಚೆ, ಅಂದರೆ 16–17ನೆಯ ವಾರಕ್ಕೆ, ಶೇಕಡ 2ರಿಂದ 2.5 ಕ್ಯಾಲ್ಸಿಯಂ ಇರುವ ಪ್ರೀಲೇಯರ್ ಆಹಾರಕ್ಕೆ ತಿರುಗುತ್ತಾರೆ. ಆ ಹದಿನೈದು ದಿನದಲ್ಲಿ ಕಾಲಿನ ಮೂಳೆಯ ಪೊಳ್ಳಿನಲ್ಲಿ ಸುಣ್ಣದ ದಾಸ್ತಾನು ಕಟ್ಟಿಕೊಳ್ಳುತ್ತದೆ. ರಾತ್ರಿ ಹೊತ್ತು, ಗಂಟಲಚೀಲ ಖಾಲಿಯಾದಾಗ, ಚಿಪ್ಪು ಕಟ್ಟುವುದು ಈ ದಾಸ್ತಾನಿನಿಂದ.

ಚೀಲದ ಮೇಲಿನ ಪ್ರೋಟೀನು

ಆಹಾರ ಕೊಳ್ಳುವವರು ಮೊದಲು ನೋಡುವುದು ಪ್ರೋಟೀನಿನ ಅಂಕಿ. ಅದೊಂದನ್ನೇ ನಂಬುವುದು ಅಪಾಯ. ಹಳ್ಳಿಗಳಲ್ಲಿ ಹಾಲಿನ ಡೇರಿಯ ಪಶು ಆಹಾರವನ್ನು ಕೋಳಿಗೂ ಒಂದು ಬೊಗಸೆ ಎರಚುವ ರೂಢಿಯಿದೆ. ಅದರ ಚೀಲದ ಮೇಲೂ ಪ್ರೋಟೀನು 20 ಎಂದೇ ಇರುತ್ತದೆ. ಆದರೆ ಪ್ರಯೋಗಾಲಯದಲ್ಲಿ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿದರೆ ಕಚ್ಚಾ ಪ್ರೋಟೀನು. ಹಸುವಿನ ಆಹಾರದಲ್ಲಿ ಶೇಕಡ ಒಂದರವರೆಗೆ ಯೂರಿಯ ಬೆರೆಸಲು ಅವಕಾಶವಿದೆ. ಅದೂ ಈ ಲೆಕ್ಕದಲ್ಲಿ ಪ್ರೋಟೀನಾಗಿಯೇ ಸೇರುತ್ತದೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಯೂರಿಯವನ್ನು ಪ್ರೋಟೀನು ಮಾಡಿಕೊಳ್ಳುತ್ತವೆ; ಕೋಳಿಗೆ ಆ ಹೊಟ್ಟೆಯಿಲ್ಲ. ನಾರೂ ಅದರಲ್ಲಿ ಹೆಚ್ಚು. ಮರಿಗಳಿಗಂತೂ ಅದು ಸಲ್ಲದು.

ನಿಜವಾದ ಪ್ರೋಟೀನಿನಲ್ಲೂ ಗುಣದ ವ್ಯತ್ಯಾಸವಿದೆ. ಗರಿ ಮತ್ತು ಮಾಂಸ ಕಟ್ಟಲು ಬೇಕಾದ ಅಮೈನೊ ಆಮ್ಲಗಳ ಪೈಕಿ ಲೈಸಿನ್, ಮೆಥಿಯೊನಿನ್ ಎರಡು ಮೊದಲು ಕೊರತೆ ಬೀಳುವಂಥವು. ಕಾಳುಗಳಲ್ಲಿ ಲೈಸಿನ್ ಕಡಿಮೆ. ಈ ಸೀಮೆಯ ಹೆಮ್ಮೆಯ ಶೇಂಗಾ ಹಿಂಡಿಯಲ್ಲಿ ಶೇಕಡ 40ಕ್ಕೂ ಮೇಲೆ ಪ್ರೋಟೀನಿದ್ದರೂ ಲೈಸಿನ್, ಮೆಥಿಯೊನಿನ್ ಎರಡೂ ಸಾಲವು. ಸೋಯಾ ಹಿಂಡಿಯಲ್ಲಿ ಲೈಸಿನ್ ಧಾರಾಳ, ಮೆಥಿಯೊನಿನ್ ತುಸು ಕಡಿಮೆ. ಸೂರ್ಯಕಾಂತಿ ಹಿಂಡಿ ಅದಕ್ಕೆ ಉಲ್ಟಾ: ಮೆಥಿಯೊನಿನ್ ಚೆನ್ನಾಗಿದೆ, ಲೈಸಿನ್ ಕಡಿಮೆ, ಜೊತೆಗೆ ನಾರು. ಮೂರನ್ನು ಬೆರೆಸಿದಾಗ ಒಂದರ ಕೊರತೆಯನ್ನು ಇನ್ನೊಂದು ತಕ್ಕಮಟ್ಟಿಗೆ ತುಂಬುತ್ತದೆ.

ಸೀಮೆಯ ಕಾಳು, ಸೀಮೆಯ ಹಿಂಡಿ

ಮೆಕ್ಕೆಜೋಳ ಕೋಳಿ ಆಹಾರದ ತಳಹದಿ. ಕಿಲೋಗೆ ಸುಮಾರು 3300 ಕಿಲೋಕ್ಯಾಲೊರಿ, ನಾರು ಅತ್ಯಲ್ಪ, ಪ್ರೋಟೀನು ಶೇಕಡ 9ರ ಆಸುಪಾಸು. ಮೊಟ್ಟೆಯ ಹಳದಿ ಭಂಡಾರಕ್ಕೆ ಬಣ್ಣ ಬರುವುದೂ ಇದರಿಂದ. ದಾವಣಗೆರೆ, ಹಾವೇರಿಯ ಜೊತೆ ಹೊಳಲ್ಕೆರೆ, ಚಿತ್ರದುರ್ಗ ತಾಲ್ಲೂಕುಗಳು ಮೆಕ್ಕೆಜೋಳದ ಪಟ್ಟಿಗೆ ಸೇರಿವೆ. ಜೆ.ಜಿ. ಹಳ್ಳಿಯ ಕಡೆ ಮಳೆ ಇನ್ನೂ ತೆಳ್ಳಗಾದ್ದರಿಂದ ಸಜ್ಜೆಗೂ ಲೆಕ್ಕದಲ್ಲಿ ಜಾಗ ಬೇಕು. ಸಜ್ಜೆಯ ಪ್ರೋಟೀನು 11–12; ಮೆಕ್ಕೆಜೋಳದ ಒಂದಷ್ಟು ಪಾಲನ್ನು ಇದಕ್ಕೆ ಬಿಟ್ಟುಕೊಟ್ಟರೆ ಬೆಳವಣಿಗೆಗೆ ತೊಂದರೆಯಿಲ್ಲ, ಭಂಡಾರ ಮಾತ್ರ ಬಿಳಚುತ್ತದೆ. ಕಾಳು ಸಣ್ಣದಾದ್ದರಿಂದ ದೊಡ್ಡ ಹಕ್ಕಿಗಳಿಗೆ ಒಡೆಯದೆಯೂ ಹಾಕಬಹುದು. ರಾಗಿಯಲ್ಲಿ ಶಕ್ತಿ ಕಡಿಮೆ, ಪ್ರೋಟೀನು ಏಳರಷ್ಟು. ಮರಿಯ ಆಹಾರಕ್ಕೆ ಅದು ಅಷ್ಟು ಒಗ್ಗದಿದ್ದರೂ ಗ್ರೋವರ್ ಹಂತದಲ್ಲಿ ಸ್ವಲ್ಪ ಸೇರಿಸಿದರೆ ಅಡ್ಡಿಯಿಲ್ಲ. ಸಾಮೆ, ನವಣೆ ಹೊಸದುರ್ಗದ ಬೆಳೆಗಳು. ಹಿಂದೆ ಇವುಗಳ ನುಚ್ಚು ಮರಿಗಳಿಗೆ ಸಹಜವಾಗಿ ಬೀಳುತ್ತಿತ್ತು. ಸಿರಿಧಾನ್ಯ ಎಂಬ ಹೆಸರು ಬಂದು, ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ನವಣೆ ಪೇಟೆಯ ಊಟದ ಮೇಜಿಗೆ ಹತ್ತಿದೆ. ಕೋಳಿಗೆ ಉಳಿದದ್ದು ಜರಡಿ ಹಿಡಿದ ಮೇಲಿನ ಜೊಳ್ಳು.

ಎಣ್ಣೆ ಗಿರಣಿಗಳಿಗೆ ಚಳ್ಳಕೆರೆ ಬಹುಕಾಲದಿಂದ ಹೆಸರಾದ ಊರು. ಶೇಂಗಾ ಹಿಂಡಿ ಇಲ್ಲಿ ಎಲ್ಲಕ್ಕಿಂತ ಸುಲಭವಾಗಿ ಕೈಗೆ ಸಿಗುತ್ತದೆ, ಎಲ್ಲಕ್ಕಿಂತ ಹೆಚ್ಚು ಎಚ್ಚರವನ್ನೂ ಬೇಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ರೋಗದ ಹೆಸರು ಗೊತ್ತಾಗದೆ ‘ಟರ್ಕಿ ಎಕ್ಸ್’ ಎಂದೇ ಕರೆದರು. ಹುಡುಕುತ್ತ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ, ಅದರಲ್ಲಿ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು, ಅದು ಉಗುಳಿದ ವಿಷ. ಅಫ್ಲಟಾಕ್ಸಿನ್ ಜಗತ್ತಿಗೆ ತಿಳಿದದ್ದು ಹೀಗೆ, ಒಂದು ಹಿಂಡಿಯ ಚೀಲದಿಂದ. ಐಎಸ್ 1374 ಕೋಳಿ ಆಹಾರದಲ್ಲಿ ಅಫ್ಲಟಾಕ್ಸಿನ್ ಬಿ1 ಕಿಲೋಗೆ 20 ಮೈಕ್ರೊಗ್ರಾಂ ಮೀರಬಾರದೆನ್ನುತ್ತದೆ. ಅಷ್ಟು ಸಣ್ಣ ಪ್ರಮಾಣವನ್ನು ಕಣ್ಣು, ಮೂಗು ಹಿಡಿಯಲಾರವು. ಬೂಷ್ಟು ಕಾಣದ ಹಿಂಡಿಯಲ್ಲೂ ವಿಷ ಇರಬಹುದು, ಬಿಸಿಲಿಗೆ ಹಾಕಿದರೆ ಬೂಷ್ಟು ಸಾಯುತ್ತದೆಯೇ ಹೊರತು ವಿಷ ಪೂರ್ತಿ ಹೋಗುವುದಿಲ್ಲ. ದೊಡ್ಡ ಕೋಳಿಗಿಂತ ಮರಿಗಳಿಗೆ ಇದರ ಪೆಟ್ಟು ಹೆಚ್ಚು: ಯಕೃತ್ತು ಕೆಡುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ, ಲಸಿಕೆ ಹಾಕಿದರೂ ರೋಗನಿರೋಧ ಸರಿಯಾಗಿ ಬೆಳೆಯುವುದಿಲ್ಲ. ಕೊಕ್ಕರೆ ರೋಗ ಹೊಕ್ಕಾಗ ಲಸಿಕೆಯನ್ನು ಬೈಯುವ ಮೊದಲು ಹಿಂಡಿಯ ಚೀಲವನ್ನೂ ನೋಡಬೇಕು. ಮರಿಗಳ ಮಿಶ್ರಣದಿಂದ ಶೇಂಗಾ ಹಿಂಡಿಯನ್ನು ದೂರವಿಟ್ಟು, ಒಂಬತ್ತನೆಯ ವಾರದ ಮೇಲೆ ಅಳತೆಯಲ್ಲಿ ಬಳಸುವುದು ಜಾಣತನ.

ಮೆಕ್ಕೆಜೋಳಕ್ಕೂ ಇದೇ ಕಾಟ. ಮುಂಗಾರಿನ ಬೆಳೆ ಅಕ್ಟೋಬರ್ ನವೆಂಬರಿನಲ್ಲಿ ಕೊಯ್ಲಿಗೆ ಬರುತ್ತದೆ, ಹಿಂಗಾರಿನ ಮಳೆಯೂ ಆಗಲೇ. ಸರ್ವಿಸ್ ರಸ್ತೆಯ ಮೇಲೆ ಹರವಿದ ತೆನೆ ಒಮ್ಮೆ ನೆನೆದರೆ ಒಳಗಿನ ತೇವ ಸುಲಭಕ್ಕೆ ಆರುವುದಿಲ್ಲ. ತೇವಾಂಶ ಶೇಕಡ 12ರ ಆಸುಪಾಸಿಗೆ ಇಳಿಯುವ ಮೊದಲು ಚೀಲ ಕಟ್ಟಿದರೆ ನಡುಚೀಲದಲ್ಲಿ ಮುಗ್ಗು ಹಿಡಿಯುತ್ತದೆ. ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಜೋಡಿಸುವುದು ಹಳೆಯ ಕಣಜದವರಿಗೆ ಹೇಳಿಕೊಡಬೇಕಾದ ಪಾಠವೇನಲ್ಲ, ಹೊಸ ಶೆಡ್ಡಿನವರಿಗೆ ಹೇಳಬೇಕು.

ಉಳಿದ ಹಿಂಡಿಗಳ ವಿಷಯ ಬೇಗ ಮುಗಿಯುತ್ತದೆ. ಹೊಸದುರ್ಗ, ಹಿರಿಯೂರಿನ ತೆಂಗಿನ ಸೀಮೆಯ ಕೊಬ್ಬರಿ ಹಿಂಡಿಯಲ್ಲಿ ಪ್ರೋಟೀನು 20ರಷ್ಟು, ನಾರು ಜಾಸ್ತಿ. ದೊಡ್ಡ ಹಕ್ಕಿಗಳಿಗೆ ಸ್ವಲ್ಪ ನಡೆಯುತ್ತದೆ, ಬೇಗ ಕಮಟುತ್ತದೆ. ಎಮ್ಮೆಗೆ ಪ್ರಿಯವಾದ ಹತ್ತಿಕಾಳಿನ ಹಿಂಡಿಯಲ್ಲಿ ಗಾಸಿಪಾಲ್ ಇದೆ. ಅದು ಲೈಸಿನ್ನನ್ನೂ ಕಬ್ಬಿಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಮೊಟ್ಟೆಕೋಳಿಗೆ ಹಾಕಿದರೆ ಇಟ್ಟ ಮೊಟ್ಟೆಯ ಭಂಡಾರ ಪಾಚಿಬಣ್ಣಕ್ಕೆ ತಿರುಗುತ್ತದೆ. ಹರಳು ಹಿಂಡಿಯಲ್ಲಿ ರೈಸಿನ್ ಎಂಬ ಘೋರ ವಿಷವಿದೆ. ಹರಳು, ಬೇವು, ಹೊಂಗೆ ಮೂರರ ಹಿಂಡಿಗೂ ತೋಟದ ಬುಡವೇ ತಕ್ಕ ಜಾಗ. ಹಸಿ ಹುರುಳಿ, ಹಸಿ ಸೋಯಾಗಳಲ್ಲಿ ಪ್ರೋಟೀನು ಅರಗದಂತೆ ತಡೆಯುವ ಅಂಶ ಇರುವುದರಿಂದ ಹುರಿಯದೆ, ಬೇಯಿಸದೆ ಕೊಡಬಾರದು.

ಮನೆಯಲ್ಲೇ ಬೆರೆಸುವುದು

ಗ್ರೋವರ್ ಹಂತದ ನೂರು ಕಿಲೋ ಮಿಶ್ರಣಕ್ಕೆ ಒಂದು ಮಾದರಿ ಹೀಗಿರಬಹುದು. ನುಚ್ಚು ಮಾಡಿದ ಮೆಕ್ಕೆಜೋಳ 50 ಕಿಲೋ, ಎಣ್ಣೆ ತೆಗೆದ ಅಕ್ಕಿ ತೌಡು 24, ಸೋಯಾ ಹಿಂಡಿ 10, ಸೂರ್ಯಕಾಂತಿ ಹಿಂಡಿ 6, ಪರೀಕ್ಷೆಯಾದ ಶೇಂಗಾ ಹಿಂಡಿ 6, ಕೋಳಿಗೆಂದೇ ತಯಾರಾದ ಖನಿಜ ಮಿಶ್ರಣ ಎರಡೂವರೆ, ಸುಣ್ಣಕಲ್ಲಿನ ಪುಡಿ 1, ಉಪ್ಪು 300 ಗ್ರಾಂ, ಉಳಿದ 200 ಗ್ರಾಂ ಜಾಗಕ್ಕೆ ವಿಟಮಿನ್ ಮತ್ತು ಅಮೈನೊ ಆಮ್ಲ. ಲೆಕ್ಕ ಹಾಕಿದರೆ ಪ್ರೋಟೀನು 16ಕ್ಕಿಂತ ತುಸು ಮೇಲೆ, ಶಕ್ತಿ 2600ರ ಹತ್ತಿರ, ಕ್ಯಾಲ್ಸಿಯಂ ಒಂದರ ಆಸುಪಾಸು ಬರುತ್ತದೆ. ಹಿಂಡಿಯ ಗುಣ ಗಿರಣಿಯಿಂದ ಗಿರಣಿಗೆ ಬದಲಾಗುವುದರಿಂದ ಇದು ಅಂದಾಜಿನ ಲೆಕ್ಕವೇ. ವಿಟಮಿನ್ ಪುಡಿಯಂಥ ಗ್ರಾಂ ಲೆಕ್ಕದ ವಸ್ತುಗಳನ್ನು ನೇರವಾಗಿ ರಾಶಿಗೆ ಚೆಲ್ಲಬಾರದು. ಮೊದಲು ಒಂದು ಕಿಲೋ ತೌಡಿನಲ್ಲಿ, ಆಮೇಲೆ ಐದು ಕಿಲೋದಲ್ಲಿ, ಆಮೇಲೆ ಇಡೀ ರಾಶಿಯಲ್ಲಿ ಕಲಸಬೇಕು. ಮನೆಮಿಶ್ರಣ ಸೋಲುವುದು ಬಹುತೇಕ ಇಲ್ಲೇ.

ನೂರಿನ್ನೂರು ಹಕ್ಕಿಗಳಿಗೆ ಇಷ್ಟು ತಾಪತ್ರಯ ಬೇಕೇ ಎಂದರೆ, ಮರಿಗಳ ಎಂಟು ವಾರಕ್ಕೆ ಬೇಡ. ಮೊಟ್ಟೆಕೋಳಿಯ ಮರಿ ಆ ಅವಧಿಯಲ್ಲಿ ತಿನ್ನುವುದು ಎರಡು ಕಿಲೋ ಮೀರುವುದಿಲ್ಲ. ಅಷ್ಟಕ್ಕೆ ಒಳ್ಳೆಯ ಚೀಲವನ್ನೇ ಕೊಳ್ಳುವುದು ಮೇಲು. ಇಪ್ಪತ್ತು ವಾರದವರೆಗಿನ ಒಟ್ಟು ಸುಮಾರು 7 ಕಿಲೋದಲ್ಲಿ ಉಳಿದ ಐದು ಕಿಲೋ ಗ್ರೋವರ್ ಹಂತದ್ದು. ಸ್ವಂತ ಮೆಕ್ಕೆಜೋಳ, ಸಜ್ಜೆ ಇದ್ದವರಿಗೆ ಉಳಿತಾಯ ಸಿಗುವುದು ಅಲ್ಲಿ. ಮಿಶ್ರಣದ ಬಗ್ಗೆ ಸಲಹೆ ಕೇಳುವವರಿಗೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಪಶು ಆಹಾರ ವಿಜ್ಞಾನಕ್ಕೆಂದೇ ಇರುವ ಕೇಂದ್ರ ಸಂಸ್ಥೆ.

ತಿಪ್ಪೆಯ ಕೋಳಿ

ನಾಟಿ ಕೋಳಿಯ ವಿಷಯಕ್ಕೆ ಬಂದರೆ ಮೇಲಿನ ಅಂಕಿಗಳೆಲ್ಲ ಸಡಿಲವಾಗುತ್ತವೆ. ತಾಯಿಯ ಹಿಂದೆ ತಿಪ್ಪೆ ಕೆದಕುವ ಮರಿಗೆ ಹುಳು, ಗೆದ್ದಲು, ಎಳೆ ಹುಲ್ಲು, ಕಣದ ಕಾಳು ಎಲ್ಲವೂ ಸಿಗುತ್ತವೆ. ಪ್ರೋಟೀನಿನ ಬಾಬ್ತು ಬಹುಪಾಲು ಅಲ್ಲೇ ತೀರುತ್ತದೆ. ಬಿಸಿಲು ಬೀಳುವುದರಿಂದ ವಿಟಮಿನ್ ‘ಡಿ’ಯ ಚಿಂತೆಯೂ ಇಲ್ಲ. ಹಳೆಯ ಮಡಕೆಗೆ ಸೆಗಣಿ, ಹುಲ್ಲು ತುಂಬಿ, ನೀರು ಚಿಮುಕಿಸಿ, ಗೆದ್ದಲಿರುವ ಜಾಗದಲ್ಲಿ ಸಂಜೆ ಬೋರಲು ಹಾಕಿದರೆ ಬೆಳಗಿನ ಹೊತ್ತಿಗೆ ಮರಿಗಳ ತಿಂಡಿ ಸಿದ್ಧ. ಒಣಸೀಮೆಗೆ ಹೇಳಿ ಮಾಡಿಸಿದ ಉಪಾಯ ಇದು. ಅಜೋಲಾದ ತೊಟ್ಟಿಗಿಂತ ನೀರೂ ಕಡಿಮೆ ಸಾಕು. ಅಜೋಲಾದಲ್ಲಿ ಒಣತೂಕದ ಲೆಕ್ಕಕ್ಕೆ ಪ್ರೋಟೀನು ಶೇಕಡ 20 ದಾಟುವುದು ನಿಜ. ಹಸಿಯಾಗಿ ನೂರು ಗ್ರಾಂ ತಿಂದರೆ ಅದರಲ್ಲಿ ತೊಂಬತ್ತಕ್ಕೂ ಹೆಚ್ಚು ನೀರೇ ಎಂಬುದನ್ನು ಪ್ರಚಾರಕರು ಮರೆಯುತ್ತಾರೆ.

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ, ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ತಳಿಗಳನ್ನು ಹಿತ್ತಲಿಗೆಂದೇ ತಂದರೂ ಅವಕ್ಕೆ ತಾಯಿಯಿಲ್ಲ. ಆರು ವಾರ ಬಿಸಿಗೂಡಿನಲ್ಲಿಟ್ಟು ಪೂರ್ಣ ಆಹಾರ ಕೊಟ್ಟು, ಲಸಿಕೆ ಮುಗಿಸಿ, ಆಮೇಲೆ ಬಯಲಿಗೆ ಬಿಡಬೇಕು. ಹೊರಗೆ ಬಿಟ್ಟ ಮೇಲೆ ಸಂಜೆ ಗೂಡಿಗೆ ಬರುವಾಗ 30ರಿಂದ 50 ಗ್ರಾಂ ಕಾಳು ಅಥವಾ ಮಿಶ್ರಣ ಹಾಕುವುದು ರೂಢಿ. ಕಾಳು ಎರಚುವ ಹೊತ್ತು ಸಂಜೆಯೇ ಆಗಿರಬೇಕು. ಬೆಳಗ್ಗೆ ಹೊಟ್ಟೆ ತುಂಬಿದ ಕೋಳಿ ಕೆದಕಲು ಹೋಗುವುದಿಲ್ಲ.

ಉಳಿದ ಅನ್ನವನ್ನೇ ಆಹಾರ ಮಾಡಿಕೊಂಡ ಮನೆಗಳೂ ಇವೆ. ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿಯ ಅನ್ನದಲ್ಲಿ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಶ್ಚಿಯನ್ ಐಕ್ಮನ್ ತಮ್ಮ ಪ್ರಯೋಗಾಲಯದ ಕೋಳಿಗಳು ಕಾಲು ಸೋತು ಬೀಳುವುದನ್ನು ಕಂಡರು. ಅವು ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನ ತಿನ್ನುತ್ತಿದ್ದವು. ಹೊಸದಾಗಿ ಬಂದ ಅಡುಗೆಯವನು ಸಿಪಾಯಿಗಳ ಅನ್ನವನ್ನು ಕೋಳಿಗೆ ಕೊಡಲಾರೆ ಎಂದು ನಿಲ್ಲಿಸಿ, ತೌಡು ಹೋಗದ ಅಕ್ಕಿ ಹಾಕಿದಾಗ ಅವೇ ಕೋಳಿಗಳು ಎದ್ದು ನಿಂತವು. ಬೆರಿಬೆರಿ ರೋಗದ ಗುಟ್ಟು ಬಿಚ್ಚಿಕೊಂಡದ್ದು ಅಲ್ಲಿಂದ. ಆ ಜಾಡು ಥಯಮಿನ್ ಅಥವಾ ಬಿ1 ಜೀವಸತ್ತ್ವದವರೆಗೆ ಹೋಯಿತು. ಐಕ್ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಅನ್ನಕ್ಕೆ ಒಂದು ಹಿಡಿ ತೌಡು ಬೆರೆಸಿ ಹಾಕುವ ನಮ್ಮ ಅಜ್ಜಿಯರಿಗೆ ಕಾರಣ ತಿಳಿದಿರಲಿಲ್ಲ, ಕ್ರಮ ತಿಳಿದಿತ್ತು.

ಔಷಧ ಬೆರೆತ ಆಹಾರ

ಸ್ಟಾರ್ಟರ್ ಚೀಲಗಳಲ್ಲಿ ಹೆಚ್ಚಿನವು ರಕ್ತಭೇದಿಯನ್ನು, ಅಂದರೆ ಕಾಕ್ಸಿಡಿಯೋಸಿಸ್ ರೋಗವನ್ನು, ತಡೆಯುವ ಔಷಧ ಬೆರೆಸಿದಂಥವು. ನೆಲದ ಮೇಲೆ ಹೊಟ್ಟು ಹಾಸಿ ಸಾಕುವ ಮರಿಗಳಿಗೆ ಮೂರರಿಂದ ಆರನೆಯ ವಾರದ ನಡುವೆ ಈ ರೋಗದ ಭಯ ಹೆಚ್ಚು. ಹಾಸು ಒದ್ದೆಯಾದರೆ ಇನ್ನೂ ಹೆಚ್ಚು. ಬಳಕೆಯಲ್ಲಿರುವ ಆಂಪ್ರೋಲಿಯಂ ಔಷಧ ಐಕ್ಮನ್‌ನ ಬಿ1 ಜೀವಸತ್ತ್ವದ ರೂಪವನ್ನೇ ಹೋಲುತ್ತದೆ. ಪರೋಪಜೀವಿ ಅದನ್ನೇ ಜೀವಸತ್ತ್ವವೆಂದು ಹೀರಿಕೊಂಡು ಹಸಿವಿನಿಂದ ಸಾಯುತ್ತದೆ. ಹಾಗಾಗಿ ಆ ದಿನಗಳಲ್ಲಿ ಬಿ1 ತುಂಬಿದ ಟಾನಿಕ್ಕನ್ನು ನೀರಿಗೆ ಬೆರೆಸಿದರೆ ಔಷಧದ ಬಲ ತಗ್ಗುತ್ತದೆ. ಸಾಲಿನೋಮೈಸಿನ್ ಜಾತಿಯ ಔಷಧ ಬೆರೆತ ಬ್ರಾಯ್ಲರ್ ಆಹಾರ ಕುದುರೆಗೆ ಮಾರಕ, ಮೊಟ್ಟೆಯಿಡುವ ಕೋಳಿಗೂ ಅದು ಸಲ್ಲದು. ಮಾಂಸದ ಕೋಳಿಗೆ ಮಾರಾಟದ ಮುಂಚಿನ ದಿನಗಳಲ್ಲಿ ಔಷಧವಿಲ್ಲದ ಆಹಾರವನ್ನೇ ಕೊಡಬೇಕು. ಬೆಳವಣಿಗೆಗೆಂದು ಆಂಟಿಬಯಾಟಿಕ್ ಬೆರೆಸುವ ಚಟ ಬೇರೆ. ಮನುಷ್ಯರ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಔಷಧವನ್ನು ಆಹಾರ ಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು.

ರೂಪ, ಬಿಸಿಲು, ನೀರು

ಒಂದೇ ಮಿಶ್ರಣ ಹಿಟ್ಟಾಗಿ, ಪೆಲೆಟ್ ಎಂಬ ಗುಳಿಗೆಯಾಗಿ, ಅದನ್ನು ಒಡೆದ ಕ್ರಂಬಲ್ ಆಗಿ ಬರುತ್ತದೆ. ಮೊದಲ ವಾರದ ಮರಿಗೆ ಕ್ರಂಬಲ್ ಸುಲಭ. ಬ್ರಾಯ್ಲರ್‌ಗೆ ಕೊನೆಯಲ್ಲಿ ಪೆಲೆಟ್. ಗ್ರೋವರ್ ಮತ್ತು ಲೇಯರ್ ಹಕ್ಕಿಗಳಿಗೆ ನಮ್ಮಲ್ಲಿ ಹಿಟ್ಟಿನ ರೂಪವೇ ಹೆಚ್ಚು. ಅಗ್ಗವೂ ಹೌದು, ನಿಧಾನವಾಗಿ ತಿನ್ನುವುದರಿಂದ ಹಕ್ಕಿಗೆ ಕೆಲಸವೂ ಸಿಗುತ್ತದೆ. ತೀರಾ ನುಣ್ಣಗೆ ಬೀಸಿದರೆ ಕೊಕ್ಕಿಗೆ ಮೆತ್ತಿಕೊಳ್ಳುತ್ತದೆ, ತೀರಾ ದಪ್ಪವಾದರೆ ಕಾಳನ್ನು ಆರಿಸಿ ತಿಂದು ಖನಿಜದ ಪುಡಿಯನ್ನು ತಳದಲ್ಲಿ ಉಳಿಸುತ್ತವೆ.

ಏಪ್ರಿಲ್ ಮೇ ತಿಂಗಳಲ್ಲಿ ಹಿರಿಯೂರಿನ ಬಿಸಿಲು 38–40 ಡಿಗ್ರಿಗೆ ಏರಿದಾಗ ಕೋಳಿ ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ಅರಗಿಸುವುದರಿಂದಲೂ ಮೈಯಲ್ಲಿ ಕಾವು ಹುಟ್ಟುವುದರಿಂದ ಹಕ್ಕಿಗೆ ಅದೊಂದು ರಕ್ಷಣೆ. ಆಗ ನಸುಕಿನಲ್ಲೂ ಹೊತ್ತು ಇಳಿದ ಮೇಲೂ ಆಹಾರ ಹಾಕಿ, ಉರಿಬಿಸಿಲಿನ ಹೊತ್ತು ತೊಟ್ಟಿ ಖಾಲಿ ಬಿಡಬೇಕು. ತಿನ್ನುವ ಪ್ರಮಾಣ ಇಳಿದಾಗ ಖನಿಜ, ವಿಟಮಿನ್, ಅಮೈನೊ ಆಮ್ಲಗಳನ್ನು ಮಿಶ್ರಣದಲ್ಲಿ ತುಸು ಗಟ್ಟಿ ಮಾಡುವುದುಂಟು. ಶಕ್ತಿಯ ಒಂದು ಪಾಲನ್ನು ಕಾಳಿನ ಬದಲು ಎಣ್ಣೆಯಿಂದ ಒದಗಿಸಿದರೆ ಕಾವು ಕಡಿಮೆ ಹುಟ್ಟುತ್ತದೆ. ನೀರು ಆಹಾರದ ಎರಡು ಪಟ್ಟು ಬೇಕೆಂಬುದು ತಂಪು ದಿನದ ಮಾತು. ಬೇಸಿಗೆಯಲ್ಲಿ ಅದು ಮೂರು ನಾಲ್ಕು ಪಟ್ಟಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್, ಲವಣಗಳ ಕಾಟ ಹಳೆಯದು. ಉಪ್ಪುನೀರಿನ ಬಾವಿಯಿದ್ದಲ್ಲಿ ಆಹಾರದ ಉಪ್ಪನ್ನು ಅದಕ್ಕೆ ತಕ್ಕಂತೆ ಇಳಿಸದಿದ್ದರೆ ಹಿಕ್ಕೆ ನೀರಾಗಿ ಹಾಸು ಒದ್ದೆಯಾಗುತ್ತದೆ. ಮತ್ತೆ ರಕ್ತಭೇದಿಯ ಬಾಗಿಲು ತೆರೆಯುತ್ತದೆ.

ಬೆಲೆ ಮತ್ತು ಒಪ್ಪಂದ

ಬ್ರಾಯ್ಲರ್ ಸಾಕುವ ರೈತರಲ್ಲಿ ದೊಡ್ಡ ಪಾಲು ಇಂದು ಕಂಪನಿಗಳ ಒಪ್ಪಂದದಲ್ಲಿದೆ. ಮರಿ, ಆಹಾರ, ಔಷಧ ಕಂಪನಿಯದು. ಶೆಡ್ಡು, ಕರೆಂಟು, ದುಡಿಮೆ ರೈತನದು. ಕೂಲಿ ಕಿಲೋ ಲೆಕ್ಕದಲ್ಲಿ. ಅಲ್ಲಿ ಆಹಾರದ ಆಯ್ಕೆ ರೈತನ ಕೈಯಲ್ಲಿಲ್ಲ, ಆದರೆ ಎಷ್ಟು ಕಿಲೋ ಆಹಾರಕ್ಕೆ ಎಷ್ಟು ಕಿಲೋ ಕೋಳಿ ಎಂಬ ಲೆಕ್ಕ ಅವನ ಕೂಲಿಯನ್ನು ಕತ್ತರಿಸುತ್ತದೆ. ಚೀಲ ಇಳಿಸಿಕೊಳ್ಳುವಾಗ ತಯಾರಾದ ತಾರೀಕು ನೋಡುವುದು, ಪ್ರತಿ ಲೋಡಿನಿಂದ ಅರ್ಧ ಕಿಲೋ ಮಾದರಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ತಾರೀಕು ಬರೆದು ಎತ್ತಿಡುವುದು, ಇಷ್ಟು ಮಾತ್ರ ಅವನಿಂದ ಸಾಧ್ಯ. ತಕರಾರು ಬಂದ ದಿನ ಅವನ ಪಾಲಿಗಿರುವ ಸಾಕ್ಷಿ ಆ ಡಬ್ಬಿಯೊಂದೇ.

ಸ್ವಂತವಾಗಿ ಸಾಕುವವನಿಗೆ ಆಯ್ಕೆಯಿದೆ, ಜೊತೆಗೆ ಮಾರುಕಟ್ಟೆಯ ಹೊಡೆತವೂ. ಬೆಳೆ ಕೆಟ್ಟರೆ ಕಾಳಿನ ಬೆಲೆ ಏರುತ್ತದೆ. ಮೆಕ್ಕೆಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ಶಿವಮೊಗ್ಗದ ಹೊಲಗಳಲ್ಲಿ. 2021ರಲ್ಲಿ ಸೋಯಾ ಹಿಂಡಿಯ ಬೆಲೆ ಕೈಮೀರಿದಾಗ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಒಪ್ಪಿಗೆ ಕೊಟ್ಟಿತು. ಈಚೆಗೆ ಎಥನಾಲ್ ಕಾರ್ಖಾನೆಗಳೂ ಮೆಕ್ಕೆಜೋಳಕ್ಕೆ ಕೈಚಾಚಿವೆ. ಮೆಕ್ಕೆಜೋಳ ತುಟ್ಟಿಯಾದ ವರ್ಷ ಸಜ್ಜೆಗೋ ರಾಗಿಗೋ ತಿರುಗುವವರು ಹಳೆಯ ಮಿಶ್ರಣದಲ್ಲಿ ಹೊಸದನ್ನು ಮೊದಲ ಎರಡು ದಿನ ಕಾಲುಭಾಗ, ಆಮೇಲೆ ಅರ್ಧ, ಮುಕ್ಕಾಲು ಎಂದು ಒಂದು ವಾರದಲ್ಲಿ ಏರಿಸಬೇಕು. ಸಜ್ಜೆಯಿಂದ ಹೆಚ್ಚಾಗುವ ಪ್ರೋಟೀನಿನಷ್ಟು ಸೋಯಾ ಹಿಂಡಿಯನ್ನು ಇಳಿಸಿದರೆ ಚೀಲದ ಖರ್ಚು ಇನ್ನೊಂದಿಷ್ಟು ತಗ್ಗುತ್ತದೆ.